ಜೂಲಿಯ ಕಡಲು, ನಮ್ಮ ಅತಿಥಿಗಳು

ನೀರು ಕಂಡರೆ ನಿಲ್ಲದ ನಾಯಿಯೊಂದನ್ನು ಜೊತೆಗಿಟ್ಟುಕೊಂಡು ಕುಂದಾಪುರದ ಕಡಲ ಬದಿಯಲ್ಲಿ ಹೋಂಸ್ಟೇ ನಡೆಸುವ ಬದುಕಿನ ಸುಖ, ಹೊಣೆ ಮತ್ತು ಪಾಠಗಳು

ನಮ್ಮಲ್ಲಿ ಒಮ್ಮೆ ಉಳಿದು ಹೋದವರು ಮತ್ತೆ ಫೋನ್ ಮಾಡಿದರೆ, ಕೋಣೆ ಖಾಲಿ ಇದೆಯೇ ಎಂದು ಕೇಳುವ ಮೊದಲು ಜೂಲಿಯನ್ನು ವಿಚಾರಿಸುತ್ತಾರೆ. ‘ಹುಷಾರಾಗಿದ್ದಾಳಾ? ಈಗಲೂ ದಿನಾ ಕಡಲಿಗೆ ಇಳೀತಾಳಾ?’ ಮಕ್ಕಳಿರುವ ಮನೆಯಾದರೆ ಫೋನು ಎಲ್ಲರ ಕೈಗೂ ಒಂದು ಸುತ್ತು ಹೋಗಿ ಬರುತ್ತದೆ. ದಿನಾಂಕ, ಬಾಡಿಗೆ, ಊಟಕ್ಕೆ ಮೀನೋ ಸಸ್ಯಾಹಾರವೋ ಎಂಬ ಮಾತೆಲ್ಲ ಆಮೇಲೆ. ಕಡಲ ಬದಿಯಲ್ಲಿ ಹೋಂಸ್ಟೇಗಳಿಗೆ ಈಗ ಬರವಿಲ್ಲ. ನಮ್ಮದಕ್ಕಿಂತ ಚಂದದ ಕಟ್ಟಡ, ಈಜುಕೊಳ, ಮಂಚದ ಮೇಲಿಂದಲೇ ಅಲೆ ಕಾಣುವ ಕಿಟಕಿ ಇರುವ ಜಾಗಗಳು ಬೇಕಾದಷ್ಟಿವೆ. ಆದರೂ ಜನ ಇಲ್ಲಿಗೇ ಮರಳಿ ಬರುವುದಕ್ಕೆ ಈ ಹಳದಿ ಲ್ಯಾಬ್ರಡಾರ್ ಒಂದು ದೊಡ್ಡ ಕಾರಣ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನೀರೆಂದರೆ ಅವಳಿಗೆ ಪ್ರಾಣ. ಬಾವಿಕಟ್ಟೆಯಲ್ಲಿ ಕೊಡಪಾನದ ಸದ್ದಾದರೆ ಎದ್ದು ಬರುತ್ತಾಳೆ. ತೆಂಗಿನ ಬುಡಕ್ಕೆ ನೀರು ಬಿಟ್ಟರೆ ಆ ಪಾತಿಯಲ್ಲೇ ಮಲಗುತ್ತಾಳೆ. ಬೆಳಿಗ್ಗೆ ಗಾಳಿಮರದ ತೋಪು ದಾಟಿ ಮರಳಿಗೆ ಕಾಲಿಟ್ಟ ಕೂಡಲೇ ಅವಳ ನಡಿಗೆಯೇ ಬೇರೆ. ಆದರೆ ನೇರ ನುಗ್ಗುವುದಿಲ್ಲ. ನೀರಿನ ಅಂಚಿನಲ್ಲಿ ನಿಂತು, ಮೂಗನ್ನು ಗಾಳಿಗೊಡ್ಡಿ, ಒಂದೆರಡು ಅಲೆ ಒಡೆಯುವವರೆಗೆ ಕಾಯುತ್ತಾಳೆ. ದೊಡ್ಡ ಅಲೆಯೊಂದು ನೊರೆಯಾಗಿ ಹಿಂದೆ ಸರಿಯುವಾಗ ಅದರ ಬೆನ್ನಿಗೇ ಇಳಿಯುತ್ತಾಳೆ. ಕಾಲು ನೆಲ ಬಿಟ್ಟ ಮೇಲೆ ತಲೆ ಮಾತ್ರ ಮೇಲೆ, ಬಾಲ ಹಿಂದಿನಿಂದ ಚುಕ್ಕಾಣಿ. ಮುಂದಿನ ಅಲೆ ಏಳುವಾಗ ಮೈಯನ್ನು ಅಡ್ಡ ಕೊಡದೆ, ಮುಖ ಕೊಟ್ಟು, ಅದನ್ನು ಹತ್ತಿ ಇಳಿಯುತ್ತಾಳೆ. ದಡಕ್ಕೆ ಬಂದು ಮೈ ಒದರಿದರೆ ಹತ್ತಿರ ನಿಂತವರಿಗೆಲ್ಲ ಕಡಲಸ್ನಾನ.

ಅವಳನ್ನು ನೋಡುತ್ತ ನೋಡುತ್ತ ನನ್ನಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಕಡಲು ನಾವು ಬಾಡಿಗೆಗೆ ಕೊಡುವ ವಸ್ತುವಲ್ಲ. ಕೋಣೆ ನಮ್ಮದು, ಹಾಸಿಗೆ ನಮ್ಮದು, ಅಡುಗೆ ನಮ್ಮದು. ಅದರಾಚೆ ಇರುವುದು ಬಲೆ ಎಳೆಯುವವರದ್ದು, ಮೊಟ್ಟೆಯಿಡಲು ಬರುವ ಆಮೆಯದ್ದು, ಗಾಳಿಮಳೆಯದ್ದು. ಅತಿಥಿಗೂ ನಾಯಿಗೂ ಅಲ್ಲಿ ಸಿಗುವ ಸಂತೋಷ ದೊಡ್ಡದು. ಅದು ಉಳಿಯಬೇಕಾದರೆ ಅಲ್ಲಿನ ರೀತಿರಿವಾಜಿಗೆ ನಾವು ತಲೆಬಾಗಬೇಕು. ಜೂಲಿಯನ್ನು ಸಾಕುತ್ತ, ಅತಿಥಿಗಳನ್ನು ನೋಡಿಕೊಳ್ಳುತ್ತ ನಾವು ಕಂಡುಕೊಂಡದ್ದರ ತಿರುಳು ಇಷ್ಟೇ.

ಉಪ್ಪುಗಾಳಿಯ ಲೆಕ್ಕ

ಕುಂದಾಪುರದಿಂದ ಬೈಂದೂರಿನ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 66 ಮರವಂತೆಯಲ್ಲಿ ಒಂದು ಬದಿಗೆ ಅರಬ್ಬಿ ಸಮುದ್ರವನ್ನೂ ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆಯನ್ನೂ ಇಟ್ಟುಕೊಂಡು ಸಾಗುತ್ತದೆ. ನಮ್ಮೂರು ಅಲ್ಲಿಂದ ಹೆಚ್ಚು ದೂರವಿಲ್ಲ. ಅಜ್ಜನ ಕಾಲದ ಮುರಕಲ್ಲಿನ ಹೆಂಚಿನ ಮನೆಯಲ್ಲಿ ನಾವಿದ್ದೇವೆ. ಹಿಂದಿನ ತೆಂಗಿನ ತೋಟದಲ್ಲಿ ಬಿಡಿಬಿಡಿಯಾಗಿ ಮೂರು ಕಾಟೇಜುಗಳು. ಹೋಂಸ್ಟೇ ಎಂದರೆ ಮನೆಯವರು ಅಲ್ಲೇ ವಾಸವಿರಬೇಕು, ಬಾಡಿಗೆ ಕೋಣೆ ಐದನ್ನು ಮೀರಬಾರದು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು, ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ಮಾಹಿತಿ ಸಲ್ಲಿಸಬೇಕು. ಈ ನಿಯಮಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಮೊದಲನೆಯದು. ಮನೆಯವರು ಇಲ್ಲದ ಮನೆಯಲ್ಲಿ ಅತಿಥಿಗೆ ಬೀಗದ ಕೈ ಸಿಗುತ್ತದೆ, ಊರು ಸಿಗುವುದಿಲ್ಲ.

‘ಕಡಲು ಕಾಣುವ ಹಾಗೆ ಕಟ್ಟಬಹುದಿತ್ತಲ್ಲ?’ ಎಂದು ಬಂದವರು ಕೇಳುವುದುಂಟು. ಕಟ್ಟುವಂತಿಲ್ಲ, ಕಟ್ಟಲೂಬಾರದು. 1991ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಹೊರಡಿಸಿತು. ಉಬ್ಬರದ ಗೆರೆಯಿಂದ ಒಳಕ್ಕೆ 500 ಮೀಟರ್‌ವರೆಗಿನ ನೆಲ ಅದರ ಹಿಡಿತಕ್ಕೆ ಬಂತು. ಹಳ್ಳಿಗಾಡಿನ ತೀರಗಳಲ್ಲಿ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ತಡೆ ಬಿತ್ತು. 2011ರಲ್ಲಿ, ಮತ್ತೆ 2019ರಲ್ಲಿ ಈ ಅಧಿಸೂಚನೆಗೆ ಹೊಸ ರೂಪ ಬಂದಿದೆ. ಜನವಸತಿ ದಟ್ಟವಾಗಿರುವ ಹಳ್ಳಿಗಳಿಗೆ ಈಗ ಆ ಅಂತರ 50 ಮೀಟರಿಗೆ ಇಳಿದಿದೆ. ಕಾನೂನು ಸಡಿಲವಾಯಿತೆಂದು ಕಡಲು ಸಡಿಲವಾಗುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಗೆ ಬಡಿದಾಗ ಮರವಂತೆಯೂ ಸೇರಿ ಹಲವು ಕಡೆ ರಸ್ತೆ, ತೆಂಗಿನಮರಗಳು ಕಡಲಪಾಲಾದವು. ನಮ್ಮ ಕಾಟೇಜುಗಳಿಂದ ಕಡಲು ಕಾಣುವುದಿಲ್ಲ, ಕೇಳಿಸುತ್ತದೆ. ನಡುವೆ ಗಾಳಿಮರದ ತೋಪು, ಮೀನು ಒಣಗಿಸುವ ಜಾಗ, ಮರಳನ್ನು ಹಿಡಿದಿಟ್ಟುಕೊಂಡು ಹಬ್ಬಿದ ಅಡುಂಬು ಬಳ್ಳಿ. ಇಷ್ಟು ದೂರ ನಡೆದು ಹೋಗುವುದೇ ಕಡಲಿಗೆ ಹೋಗುವ ಸರಿಯಾದ ಕ್ರಮ ಎಂದು ನಾನು ಅತಿಥಿಗಳಿಗೆ ಹೇಳುತ್ತೇನೆ. ದಾರಿ ತೋರಿಸಲು ಜೂಲಿ ಇದ್ದಾಳೆ.

ಅಷ್ಟು ದೂರವಿದ್ದರೂ ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ. ಬಾಗಿಲ ಕೀಲು, ಫ್ಯಾನಿನ ರೆಕ್ಕೆ, ಗೀಸರಿನ ನಟ್ಟು, ಏಸಿಯ ಹೊರಗಿನ ಪೆಟ್ಟಿಗೆ, ಗೇಟಿನ ಚಿಲಕ, ಎಲ್ಲದಕ್ಕೂ ತುಕ್ಕು ಹಿಡಿಯುತ್ತದೆ. ಹಳೆಯ ಮನೆಯ ಹಿತ್ತಾಳೆ ಅಗುಳಿಗಳು ಇನ್ನೂ ಗಟ್ಟಿಯಾಗಿವೆ. ಹಾಗಾಗಿ ಕಾಟೇಜುಗಳಿಗೂ ಕೈಗೆ ಸಿಕ್ಕಲ್ಲೆಲ್ಲ ಹಿತ್ತಾಳೆಯನ್ನೇ ಹಾಕಿದ್ದೇವೆ. ಮರದ ಕಿಟಕಿ ಬಾಗಿಲುಗಳಿಗೆ ದೋಣಿಗೆ ಬಳಿಯುವ ಗೇರೆಣ್ಣೆ ಬಳಿಯುತ್ತೇವೆ.

ಇನ್ನೊಂದು ಲೆಕ್ಕ ಬಾವಿಯದು. ಕಡಲ ಬದಿಯ ಮರಳು ನೆಲದಡಿಯಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಸಿಹಿನೀರು ಹಗುರ. ಪಂಪು ಹಾಕಿ ಒಂದೇ ಸಮನೆ ಎಳೆದರೆ ಮೇಲಿನ ಪದರ ತೆಳುವಾಗಿ ಅಡಿಯ ಉಪ್ಪು ಮೇಲೇರುತ್ತದೆ. ಹಾಗೆ ಕೆಟ್ಟ ಬಾವಿ ಮುಂದಿನ ಮಳೆಗಾಲದವರೆಗೆ ಸರಿಯಾಗುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಎಷ್ಟೋ ಬಾವಿಗಳ ಗತಿ ಇದೇ. ಈಜುಕೊಳ ಯಾಕಿಲ್ಲ ಎಂದು ಕೇಳುವವರಿಗೆ ನಾನು ಬಾವಿಯನ್ನೇ ತೋರಿಸುತ್ತೇನೆ. ನಮ್ಮ ಒಂದು ಈಜುಕೊಳ ಎಂದರೆ ಪಕ್ಕದ ಮನೆಯ ಕುಡಿಯುವ ನೀರು.

ಆದರೆ ಕಡಲಿಂದ ಬಂದ ನಾಯಿಗೆ ಸಿಹಿನೀರಿನ ಸ್ನಾನ ಆಗಲೇಬೇಕು. ಉಪ್ಪು ಮೈಮೇಲೆ ಒಣಗಿದರೆ ತುರಿಕೆ, ಕೂದಲ ಬುಡದಲ್ಲಿ ಮರಳು ಉಳಿದರೆ ಹುಣ್ಣು. ಬಾವಿಕಟ್ಟೆಯ ಪಕ್ಕದ ಹಾಸುಗಲ್ಲಿನ ಮೇಲೆ ಜೂಲಿ ತಾನಾಗಿಯೇ ಬಂದು ನಿಲ್ಲುತ್ತಾಳೆ. ಮೊದಲು ಬೆನ್ನು, ಆಮೇಲೆ ಹೊಟ್ಟೆ, ಕೊನೆಗೆ ಕಾಲ್ಬೆರಳ ಸಂದು. ಬೆರಳುಗಳನ್ನು ಅಗಲಿಸಿದರೆ ನಡುವಿನ ತೆಳು ಚರ್ಮ ಕಾಣುತ್ತದೆ. ಅಲ್ಲೇ ಮರಳು ಅವಿತಿರುವುದು, ಉಣ್ಣೆ ಕೂತಿದ್ದರೂ ಅಲ್ಲೇ. ಕಿವಿ ಮಡಚಿ, ಒಣ ಬಟ್ಟೆಯಿಂದ ಒಳಗಿನ ತೇವ ತೆಗೆಯುತ್ತೇನೆ. ಜೋಲುಕಿವಿಯ ನಾಯಿಗಳಿಗೆ ಈಜಿನ ನಂತರ ಕಿವಿಸೋಂಕು ಬಹಳ ಬೇಗ ಆಗುತ್ತದೆ. ಇಷ್ಟೂ ನೀರು ಕಲ್ಲಿನಿಂದ ಹರಿದು ಬಾಳೆಯ ಬುಡ ಸೇರುತ್ತದೆ.

ಬಲೆಯ ಹಗ್ಗ ಹಿಡಿದ ವಂಶ

ಜೂಲಿಯ ನೀರಿನ ಹುಚ್ಚು ಅವಳೊಬ್ಬಳದೇ ಅಲ್ಲ, ವಂಶದ್ದು. ಕೆನಡಾದ ಪೂರ್ವ ತುದಿಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರು ಸಾಕುತ್ತಿದ್ದ ಸೇಂಟ್ ಜಾನ್ಸ್ ನಾಯಿಗಳು ಲ್ಯಾಬ್ರಡಾರ್‌ಗಳ ಮೂಲ. ಹೆಪ್ಪುಗಟ್ಟಿಸುವ ಚಳಿಯ ಕಡಲಲ್ಲಿ ಬಲೆಯ ಹಗ್ಗವನ್ನು ದಡಕ್ಕೆ ಎಳೆದು ತರುವುದು, ಗಾಳದಿಂದ ಜಾರಿದ ಮೀನನ್ನು ಹಿಡಿಯುವುದು ಅವುಗಳ ಕೆಲಸವಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಮೀನಿನ ಹಡಗುಗಳ ಜೊತೆ ಈ ನಾಯಿಗಳು ಇಂಗ್ಲೆಂಡಿಗೆ ಬಂದವು. ಮಾಮ್ಸ್‌ಬರಿಯ ಅರ್ಲ್, ಬಕ್‌ಲೂಚ್ ಡ್ಯೂಕ್ ಮುಂತಾದ ಶ್ರೀಮಂತರು ಅವನ್ನು ಬೇಟೆಯ ಹಕ್ಕಿ ಹೆಕ್ಕಿ ತರಲು ಪಳಗಿಸಿ ತಳಿ ಬೆಳೆಸಿದರು. 1903ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ಬು ಲ್ಯಾಬ್ರಡಾರನ್ನು ಪ್ರತ್ಯೇಕ ತಳಿಯೆಂದು ಒಪ್ಪಿಕೊಂಡಿತು. 1991ರಿಂದ 2021ರವರೆಗೆ ಅಮೆರಿಕದಲ್ಲಿ ಸತತವಾಗಿ ಅತಿ ಜನಪ್ರಿಯ ತಳಿ ಇದೇ ಆಗಿತ್ತು. ಅತ್ತ ಮೂಲದ ಸೇಂಟ್ ಜಾನ್ಸ್ ನಾಯಿಗಳೇ ಅಳಿದುಹೋದವು. 1980ರ ದಶಕದ ಆರಂಭದಲ್ಲಿ ಕೊನೆಯ ಒಂದೆರಡು ಮುದಿ ನಾಯಿಗಳ ಫೋಟೋ ತೆಗೆಯಲಾಯಿತು. ಆಮೇಲೆ ಇಲ್ಲ.

ಕೆಲಸ ಹೋದರೂ ಮೈ ಉಳಿದಿದೆ. ಅಗಲ ಪಾದ, ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣಗಾಗುವ ಬಾಲ, ಒಳಗೊಂದು ಹೊರಗೊಂದು ಎರಡು ಪದರದ ಕೂದಲು, ಚರ್ಮಕ್ಕೆ ನೀರು ತಾಗಗೊಡದ ಎಣ್ಣೆಯಂಶ. ಚಳಿಗೆ ಹೊಂದಿದ ಈ ಮೈಗೆ ನಮ್ಮ ಕರಾವಳಿಯ ಸೆಕೆ ಹಿತವಲ್ಲ. ನಾಯಿ ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಗಾಳಿಯಲ್ಲಿ ತೇವ ಹೆಚ್ಚಿರುವಲ್ಲಿ ಬಾಯಿಯ ತೇವ ಬೇಗ ಆರುವುದಿಲ್ಲ. ಆದ್ದರಿಂದ ಜೂಲಿಯ ಕಡಲು ಬೆಳಗಿನ ಎಳೆ ಬಿಸಿಲಿಗೆ, ಸಂಜೆಯ ತಂಪಿಗೆ. ನಡುಹಗಲು ಅವಳ ಜಾಗ ಚಾವಡಿಯ ಸಾರಣೆ ನೆಲ.

ಬೆಳಗಿನ ಹೊತ್ತು ತೀರದಲ್ಲಿ ಕೈರಂಪಣಿ ಎಳೆಯುವವರಿರುತ್ತಾರೆ. ದೋಣಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರಾಕಾರದಲ್ಲಿ ಬಿಟ್ಟು ಬರುತ್ತದೆ. ಎರಡೂ ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ದಡಕ್ಕೆ ಎಳೆಯುತ್ತಾರೆ. ನೂರಾರು ಜನ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳ ಎದುರು ನಿಲ್ಲಲಾರದೆ ಮರೆಯಾಯಿತು. ಉಳಿದಿರುವುದು ಅದರ ಈ ಕಿರಿಯ ರೂಪ. ಇದು ಪ್ರದರ್ಶನವಲ್ಲ, ಒಂದು ದಿನದ ಅನ್ನ. ಅತಿಥಿಗಳು ಕ್ಯಾಮೆರಾ ಹಿಡಿದು ಹಗ್ಗದ ನಡುವೆ ನಿಂತರೂ, ನಾಯಿ ಓಡಿ ಬಲೆಯೊಳಗೆ ಸಿಕ್ಕಿಕೊಂಡರೂ ಆ ದಿನದ ದುಡಿಮೆ ಹಾಳು. 

ಹಾಗಾಗಿ ಜೂಲಿಗೆ ನಾವು ಕಲಿಸಿದ ಮೊದಲ ಪಾಠ, ಹಗ್ಗ ಕಂಡರೆ ಕೂರುವುದು. ‘ಹ್ವಾಯ್, ನಾಯಿ ಹಿಡ್ಕಣಿ, ಬಲೆ ಬಪ್ಪೊತ್ತಾಯ್ತ್’ ಎಂದು ಮೊದಮೊದಲು ಕೂಗುತ್ತಿದ್ದ, ಬಲೆ ಎಳೆಯುವವರ ಮುಂದಾಳಾದ ತಾಂಡೇಲರು ಈಗ ಕೂಗುವುದಿಲ್ಲ. ಬಲೆ ದಡಕ್ಕೆ ಬಂದು, ಬೂತಾಯಿ, ಬಂಗುಡೆ, ಸಿಗಡಿಯೆಲ್ಲ ಬುಟ್ಟಿಗೆ ಬಿದ್ದು, ಕೊನೆಗೆ ಅವರೇ ಒಂದೆರಡು ಸಣ್ಣ ಮೀನು ಎಸೆಯುವವರೆಗೂ ಅವಳು ಕದಲುವುದಿಲ್ಲ. ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ನಾಯಿಯ ಸಂತಾನ ಮರವಂತೆಯ ಬೆಸ್ತರ ಬಲೆಯ ಬದಿಯಲ್ಲಿ ಹೀಗೆ ಕೂತಿರುವುದನ್ನು ಕಂಡಾಗಲೆಲ್ಲ ನನಗೆ ಅಭಿಮಾನ ಉಕ್ಕುತ್ತದೆ. ಅತಿಥಿಗಳೂ ಅವಳನ್ನು ನೋಡಿ ತಾವಾಗಿಯೇ ಹಿಂದೆ ಸರಿದು ನಿಲ್ಲುತ್ತಾರೆ. ನಾನು ಬಾಯಿ ಬಿಟ್ಟು ಹೇಳಿದ್ದಕ್ಕಿಂತ ಅವಳು ಕೂತದ್ದು ಅವರಿಗೆ ಬೇಗ ಅರ್ಥವಾಗುತ್ತದೆ.

ಅಲೆ ಕಾಣದವರಿಗೆ ಅಲೆಯ ಪರಿಚಯ

ಬಯಲುಸೀಮೆಯಿಂದ ಬರುವ ಎಷ್ಟೋ ಮಕ್ಕಳು ಕಡಲನ್ನು ಮೊದಲ ಸಲ ನೋಡುವುದು ಇಲ್ಲೇ. ಅವರಲ್ಲಿ ಎರಡು ಬಗೆ. ಒಂದು ಬಗೆಯವರು ಹೆದರಿ ಅಪ್ಪನ ಕಾಲು ಹಿಡಿಯುತ್ತಾರೆ. ಇನ್ನೊಂದು ಬಗೆಯವರು ಬಟ್ಟೆ ಸಮೇತ ಓಡುತ್ತಾರೆ. ಹೆದರಿದ ಮಗುವಿನ ಪಕ್ಕದಲ್ಲಿ ಜೂಲಿ ಪಾದ ಮುಳುಗುವಷ್ಟು ನೀರಲ್ಲಿ ನಿಂತುಬಿಡುತ್ತಾಳೆ. ಮಗು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಒಂದು ಅಲೆ ಬಂದು ಹೋಗುವುದನ್ನು ನೋಡುತ್ತದೆ, ಕಾಲಡಿಯ ಮರಳು ಜಾರುವುದಕ್ಕೆ ಕಿರುಚುತ್ತದೆ, ಆಮೇಲೆ ನಗುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಕಡಲು ನೆಂಟ.

ನನಗೆ ಭಯವಿರುವುದು ಓಡುವವರ ಬಗ್ಗೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಕಡಲೂರಿನಲ್ಲಿ ಅತಿಥಿ ಸತ್ಕಾರ ಮಾಡುವ ಯಾರಿಗೂ ಆ ಸುದ್ದಿ ಮರೆಯುವಂಥದಲ್ಲ. ನಮ್ಮ ತೀರಗಳಲ್ಲಿ ಜನರನ್ನು ಎಳೆದೊಯ್ಯುವುದು ಹೆಚ್ಚಾಗಿ ಹಿಂದೆ ಸರಿಯುವ ನೀರಿನ ಸೆಳೆತ. ದಡಕ್ಕೆ ಬಡಿದ ನೀರು ವಾಪಸು ಹೋಗಲು ಒಂದು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೀರು ಕಲಕಿದ ಬಣ್ಣ. ತಿಳಿಯದವರಿಗೆ ಅದೇ ಶಾಂತವಾದ ಜಾಗ ಅನ್ನಿಸುತ್ತದೆ, ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೇ ಈಜಿ ಕೈಸೋಲುವ ಬದಲು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳೆತ ಅಗಲವಿರುವುದಿಲ್ಲ, ಅದರಿಂದ ಹೊರಬಂದ ಮೇಲೆ ಅಲೆಗಳೇ ದಡಕ್ಕೆ ತರುತ್ತವೆ. ಈಜು ಬಾರದವರು ತೇಲಲು ಯತ್ನಿಸುತ್ತ ಕೈಯೆತ್ತಿ ಕರೆಯಬೇಕು. ಇದನ್ನು ಅತಿಥಿಗಳಿಗೆ ಬಂದ ದಿನವೇ ಚಹಾದ ಹೊತ್ತಿಗೆ, ಮಕ್ಕಳನ್ನೂ ಕೂರಿಸಿಕೊಂಡು ಹೇಳುತ್ತೇನೆ. ಮರುದಿನ ಬೆಳಿಗ್ಗೆ ನೀರನ್ನು ನೋಡಿ ತೀರ್ಮಾನ ಹೇಳುವವರು ಮೀನುಗಾರರು. ‘ಇವತ್ ಕಡ್ಲಿಗ್ ಇಳೂಕಾಗ’ ಎಂದು ಅವರ ಬಾಯಲ್ಲಿ ಬಂದರೆ ಮುಗಿಯಿತು, ಅದಕ್ಕೆ ಮೇಲ್ಮನವಿಯಿಲ್ಲ. ಆ ದಿನ ಜೂಲಿಯೂ ಮನೆಯಲ್ಲೇ.

ಇಷ್ಟು ಚೆನ್ನಾಗಿ ಈಜುವ ನಾಯಿ ಇದ್ದ ಮೇಲೆ ಯಾರಾದರೂ ಮುಳುಗಿದರೆ ಎಳೆದು ತರುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನಾಯಿಗಳಿಂದ ಆ ಕೆಲಸ ಆಗುತ್ತದೆ, ಆದರೆ ಅದಕ್ಕೆ ಬೇರೆಯದೇ ತಯಾರಿ ಬೇಕು. ಇಟಲಿಯಲ್ಲಿ ಫೆರುಚ್ಚೊ ಪಿಲೆಂಗ 1989ರಲ್ಲಿ ಕಟ್ಟಿದ ಜಲರಕ್ಷಕ ನಾಯಿಗಳ ಶಾಲೆಯೊಂದಿದೆ. ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ನಾಯಿಗಳನ್ನು ಅಲ್ಲಿ ಪಳಗಿಸುತ್ತಾರೆ. ನಾಯಿಗೆ ಹಿಡಿಕೆಯಿರುವ ಪಟ್ಟಿ ತೊಡಿಸುತ್ತಾರೆ, ಅದರ ಜೊತೆ ತರಬೇತಾದ ಮನುಷ್ಯನೂ ನೀರಿಗೆ ಇಳಿಯುತ್ತಾನೆ. 2021ರ ಆಗಸ್ಟಿನಲ್ಲಿ ಸ್ಪೆರ್ಲೊಂಗ ಎಂಬ ಊರಿನ ಕಡಲಲ್ಲಿ ಗಾಳಿಗೆ ಸಿಕ್ಕಿ ದೂರ ಸರಿದ 14 ಜನರನ್ನು, ಅವರಲ್ಲಿ ಮಕ್ಕಳೂ ಇದ್ದರು, ಮೂರು ನಾಯಿಗಳು ತಮ್ಮ ರಕ್ಷಕರ ಜೊತೆಗೂಡಿ ದಡ ಸೇರಿಸಿದವು. ಜೂಲಿಗೆ ಆ ತರಬೇತಿಯಿಲ್ಲ. ಪ್ರೀತಿಯ ನಾಯಿಯ ಮೇಲೆ ನಮ್ಮ ಮಕ್ಕಳ ಪ್ರಾಣದ ಭಾರ ಹೊರಿಸುವುದು ಅದಕ್ಕೂ ಮಕ್ಕಳಿಗೂ ಮಾಡುವ ಅನ್ಯಾಯ. ಮಕ್ಕಳನ್ನು ಕಾಯುವವರು ದೊಡ್ಡವರೇ ಆಗಿರಬೇಕು.

ರಾತ್ರಿಯ ಮರಳು ಆಮೆಯದು

ಸೂರ್ಯ ಮುಳುಗಿದ ಮೇಲೆ ಜೂಲಿ ತೀರಕ್ಕೆ ಹೋಗುವುದಿಲ್ಲ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಈ ನಿಯಮಕ್ಕೆ ಎಳ್ಳಷ್ಟೂ ವಿನಾಯಿತಿ ಇಲ್ಲ. ಆ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ನಮ್ಮ ತೀರಗಳಿಗೆ ಬರುತ್ತವೆ. ಕುಂದಾಪುರದ ಕೋಡಿ, ಹೊನ್ನಾವರದ ಕಾಸರಕೋಡು ಟೊಂಕದ ತೀರಗಳು ಇದಕ್ಕೆ ಹೆಸರಾಗಿವೆ. ತಾಯಿ ಆಮೆ ರಾತ್ರಿ ಒಡಲೆಳೆದುಕೊಂಡು ಮೇಲೆ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಆಸುಪಾಸಿನಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ ಕಡಲಿಗೆ ಮರಳುತ್ತದೆ. ಮುಂದೆ ಮೊಟ್ಟೆಗಳನ್ನು ನೋಡಿಕೊಳ್ಳುವುದು ಮರಳಿನ ಬಿಸಿಯೇ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಈ ಆಮೆಗೆ ಜಾಗವಿದೆ, ಎಂದರೆ ಹುಲಿಗಿರುವ ರಕ್ಷಣೆಯೇ ಇದಕ್ಕೂ. ಅರಣ್ಯ ಇಲಾಖೆಯವರು, ಮೀನುಗಾರರು, ಊರಿನ ಯುವಕರು ಸೇರಿ ಗೂಡುಗಳಿಗೆ ಬಲೆ ಕಟ್ಟಿ ಕಾಯುವುದನ್ನು ನಾವು ನೋಡುತ್ತ ಬಂದಿದ್ದೇವೆ.

ಆ ಬಲೆ ಮುಖ್ಯವಾಗಿ ನಾಯಿಗಳಿಂದ ಕಾಯಲಿಕ್ಕೆ. ನಾಯಿಗೆ ಮೊಟ್ಟೆಯ ವಾಸನೆ ಮರಳಿನಡಿಯಿಂದಲೂ ಸಿಗುತ್ತದೆ, ಒಂದೇ ರಾತ್ರಿ ಇಡೀ ಗೂಡನ್ನು ಬಗೆದುಬಿಡುತ್ತದೆ. ಮುದ್ದಿನ ನಾಯಿಯಾದರೂ ಮೂಗು ಅದೇ ಮೂಗು. ನಾಯಿಯನ್ನು ಪ್ರೀತಿಸುವವರೇ ಇದನ್ನು ಮೊದಲು ಒಪ್ಪಿಕೊಳ್ಳಬೇಕು. 

ಇದರ ಇನ್ನೊಂದು ಮುಖ ಬೀದಿನಾಯಿಗಳದ್ದು. ಸೀಸನ್ನಿನಲ್ಲಿ ಅತಿಥಿಗಳು ತೀರದ ನಾಯಿಗಳಿಗೆ ಬಿಸ್ಕತ್ತು, ಕೋಳಿಯ ಮೂಳೆ ಹಾಕುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಎಲ್ಲೆಲ್ಲಿಯದೋ ನಾಯಿಗಳು ತೀರಕ್ಕೆ ಬಂದು ಗುಂಪು ಕಟ್ಟುತ್ತವೆ. ಅತಿಥಿಗಳು ಹೊರಟುಹೋದ ಮೇಲೆ ಆ ಹೊಟ್ಟೆಗಳಿಗೆ ಗತಿಯಿಲ್ಲ. ಹಸಿದ ಗುಂಪು ಆಮೆಯ ಗೂಡಿಗೂ ಬಾಯಿ ಹಾಕುತ್ತದೆ, ಒಣಮೀನಿಗೂ ಹಾಕುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಗೊತ್ತುಪಡಿಸಿದ ಜಾಗದಲ್ಲಷ್ಟೇ ಊಟ ಹಾಕಬೇಕೆನ್ನುತ್ತವೆ. ನಮ್ಮಲ್ಲಿ ಉಳಿದ ಅನ್ನ, ಮೀನು ತೀರಕ್ಕೆ ಹೋಗುವುದಿಲ್ಲ. ಕೇರಿಯ ಒಳಗೆ, ಸಂತಾನಹರಣ ಮತ್ತು ರೇಬೀಸ್ ಲಸಿಕೆ ಆದ ಊರನಾಯಿಗಳಿಗೆ, ನಿತ್ಯವೂ ಒಂದೇ ಹೊತ್ತಿಗೆ ಹಾಕುತ್ತೇವೆ. ವರ್ಷವಿಡೀ ಹಾಕುವುದಾದರೆ ಮಾತ್ರ ಹಾಕಬೇಕು ಎಂಬುದು ನಮ್ಮ ಮನೆಯ ಕಟ್ಟಳೆ.

ದೀಪದ ವಿಷಯವೂ ಹೀಗೇ. ಮರಿಗಳು ಹುಟ್ಟಿದ ಕೂಡಲೇ ಬೆಳಕು ಕಂಡ ಕಡೆಗೆ ಹೊರಡುತ್ತವೆ. ಕತ್ತಲ ತೀರದಲ್ಲಿ ಬೆಳ್ಳಗೆ ಕಾಣುವುದು ಕಡಲೇ ಆದ್ದರಿಂದ ದಾರಿ ತಪ್ಪುವುದಿಲ್ಲ. ದಡದಲ್ಲಿ ಫ್ಲಡ್‌ಲೈಟ್ ಉರಿದರೆ ಅವು ಕಡಲಿಗೆ ಬೆನ್ನು ಹಾಕಿ ರಸ್ತೆಯ ಕಡೆಗೆ ಹರಿದು ಬರುತ್ತವೆ. ನಮ್ಮ ತೋಟದ ದೀಪಗಳೆಲ್ಲ ಮೊಣಕಾಲೆತ್ತರದಲ್ಲಿವೆ, ಹಳದಿ ಬೆಳಕಿನವು, ಕಡಲ ಕಡೆಗೆ ಮರೆ ಇರುವಂಥವು. ಕತ್ತಲಿಗೆ ಮೊದಲ ದಿನ ಗೊಣಗುವ ಅತಿಥಿಗಳು ಎರಡನೇ ರಾತ್ರಿ ಚಾಪೆ ಹಾಕಿಕೊಂಡು ನಕ್ಷತ್ರ ನೋಡುತ್ತ ಮಲಗುತ್ತಾರೆ.

ನಾಯಿಯೊಂದಿಗೆ ಕಡಲಿಗೆ ಬರುವವರಿಗೆ

• ನಾಯಿ ಉಪ್ಪುನೀರು ಕುಡಿಯದಂತೆ ನೋಡಿಕೊಳ್ಳಿ. ಚೆಂಡು ತರುವಾಗಲೆಲ್ಲ ಒಂದೊಂದು ಗುಟುಕು ಹೊಟ್ಟೆಗೆ ಹೋಗುತ್ತದೆ. ವಾಂತಿ, ಭೇದಿ ಶುರುವಾಗುತ್ತದೆ, ಹೆಚ್ಚಾದರೆ ರಕ್ತದಲ್ಲಿ ಉಪ್ಪಿನಂಶ ಏರಿ ಪ್ರಾಣಕ್ಕೇ ಅಪಾಯ. ಸಿಹಿನೀರಿನ ಬಾಟಲಿ ಜೊತೆಗಿರಲಿ, ಆಟದ ನಡುನಡುವೆ ಕುಡಿಸಿ.

• ಮರಳ ಮೇಲೆ ನಿಮ್ಮ ಅಂಗೈ ಊರಿ ನೋಡಿ. ನಿಮಗೆ ತಾಳಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

• ದಡಕ್ಕೆ ಬಿದ್ದ ಮೀನಿಗೆ ಬಾಯಿ ಹಾಕಲು ಬಿಡಬೇಡಿ. ಹೊಟ್ಟೆ ಉಬ್ಬಿಸಿಕೊಳ್ಳುವ ಬಲೂನ್ ಮೀನಿನ ವಿಷ ಕೊಲ್ಲುವಂಥದು. ತೊರಕೆ ಮೀನಿನ ಬಾಲದ ಮುಳ್ಳು, ಜೆಲ್ಲಿ ಮೀನಿನ ಎಳೆಗಳು ಸತ್ತ ಮೇಲೂ ಚುಚ್ಚುತ್ತವೆ, ಸುಡುತ್ತವೆ.

• ಹೆಚ್ಚು ಈಜಿದ ಮರುದಿನ ಬಾಲ ಜೋತುಬಿದ್ದು ಮುಟ್ಟಿದರೆ ನೋವಾಗುತ್ತಿದ್ದರೆ ಹೆದರಬೇಡಿ. ಬಾಲದ ಸ್ನಾಯು ದಣಿದಿರುತ್ತದೆ, ಸಾಮಾನ್ಯವಾಗಿ ವಿಶ್ರಾಂತಿಯಿಂದ ಕೆಲವೇ ದಿನಗಳಲ್ಲಿ ಸರಿಯಾಗುತ್ತದೆ. ಅನುಮಾನವಿದ್ದರೆ ಪಶುವೈದ್ಯರಿಗೆ ತೋರಿಸಿ.

• ರೇಬೀಸ್ ಲಸಿಕೆಯ ಜೊತೆ ಇಲಿಜ್ವರದ ಲಸಿಕೆಯೂ ಆಗಿರಲಿ. ಕರಾವಳಿಯ ತೇವದ ನೆಲದಲ್ಲಿ ಅದು ಅಗತ್ಯ. ಉಣ್ಣೆ ತಡೆಯುವ ಔಷಧಿಯನ್ನೂ ಹೊರಡುವ ಮೊದಲೇ ಹಾಕಿಸಿ.

• ರೈಲಿನಲ್ಲಿ ನಾಯಿಯನ್ನು ಜೊತೆಗೆ ಕರೆತರಲು ಮೊದಲ ದರ್ಜೆಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದಾಗಿರಬೇಕು. ಇಲ್ಲವಾದರೆ ಅದು ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲೇ ಬರಬೇಕು.

• ಎಲ್ಲ ತೀರಕ್ಕೂ ನಾಯಿ ಹೋಗುವಂತಿಲ್ಲ. ಪಡುಬಿದ್ರಿ ಮತ್ತು ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆಯ ನಿಯಮಗಳಲ್ಲಿ ಸಾಕುಪ್ರಾಣಿಗಳ ಮೇಲೆ ಕಟ್ಟುನಿಟ್ಟಿನ ನಿಯಂತ್ರಣವಿದೆ.

• ಬೇರೆಯವರ ನಾಯಿಗೆ ಕೇಳದೆ ತಿನಿಸು ಕೊಡಬೇಡಿ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಹಸಿವು ಇಂಗಿದ್ದನ್ನು ತಿಳಿಸುವ ಜೀನ್‌ನಲ್ಲೇ ವ್ಯತ್ಯಾಸವಿದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಬೇಡುವ ಕಣ್ಣಿಗೆ ಸೋತರೆ ಅದರ ಕೀಲುಗಳಿಗೆ ಭಾರ.

ಬಾಗಿಲು ಹಾಕುವ ತಿಂಗಳುಗಳು

ಜೂನ್ ಬಂದರೆ ನಾವು ಕಾಟೇಜುಗಳಿಗೆ ಬೀಗ ಹಾಕುತ್ತೇವೆ. ಜಗಲಿಯ ಸುತ್ತ ಮಡಲಿನ ತಟ್ಟಿ ಕಟ್ಟುತ್ತೇವೆ. ಹಾಸಿಗೆಗಳು ಅಟ್ಟ ಸೇರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೂ ರಜೆ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಮನುಷ್ಯನನ್ನು ಸೇರಿಸದ ಕಾಲ. ಮಳೆಗಾಲದಲ್ಲೂ ತೆರೆದಿಡಿ, ಮಳೆ ನೋಡಲು ಜನ ಬರುತ್ತಾರೆ ಎಂದು ಹೇಳುವವರಿದ್ದಾರೆ. ಬರುತ್ತಾರೆ, ನಿಜ. ಆದರೆ ಅಬ್ಬರಿಸುವ ಕಡಲಿನ ಬದಿಯಲ್ಲಿ ಅತಿಥಿಗಳನ್ನಿಟ್ಟುಕೊಂಡು ನೆಮ್ಮದಿಯಿಂದ ನಿದ್ದೆ ಮಾಡುವುದು ನನ್ನಿಂದಾಗದು. ಬಾವಿಗೂ ತೋಟಕ್ಕೂ ಮನೆಯವರಿಗೂ ಈ ಬಿಡುವು ಬೇಕು.

ಜೂಲಿಗೆ ಮಾತ್ರ ಇದು ಸಂಕಟದ ಕಾಲ. ಗೇಟಿನ ಬಳಿ ನಿಂತು ಕಡಲ ಮೊರೆತ ಬರುವ ಕಡೆಗೆ ಮುಖ ಮಾಡಿ ಕುಂಯಿಗುಡುತ್ತಾಳೆ. ಹೊಳೆಗೂ ಅವಳನ್ನು ಬಿಡುವುದಿಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನಿಗೆ ತುಂಬಿದ ಹೊಳೆಯಲ್ಲಿ ಏನಾಯಿತೆಂದು ಓದಿದವರಿಗೆ ಕಾರಣ ಹೇಳಬೇಕಿಲ್ಲ. ತೋಟದ ತಗ್ಗಿನಲ್ಲಿ ನಿಲ್ಲುವ ಮಳೆನೀರೇ ಆಗ ಅವಳ ಕೆರೆ. ನೂಲ ಹುಣ್ಣಿಮೆಯ ದಿನ ಮೀನುಗಾರರು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಅದಾದ ಮೇಲೆ, ಕಡಲು ತಣ್ಣಗಾದದ್ದನ್ನು ಅವರೇ ಹೇಳಿದ ಮೇಲೆ, ನಮ್ಮ ಬೆಳಗಿನ ನಡಿಗೆ ಮತ್ತೆ ಶುರು.

ಕರಾವಳಿಯ ಪ್ರವಾಸೋದ್ಯಮ ಬೆಳೆಯಬೇಕು ಎಂದು ಎಲ್ಲರೂ ಹೇಳುತ್ತಿದ್ದಾರೆ. ನಾನೂ ಹೇಳುತ್ತೇನೆ, ಏಕೆಂದರೆ ಊರಿನ ಮಕ್ಕಳು ಕೆಲಸ ಹುಡುಕಿ ಬೆಂಗಳೂರು, ಮುಂಬಯಿಗೆ ಹೋಗದೆ ಇಲ್ಲೇ ಬದುಕಲು ಇದೊಂದು ದಾರಿ. ಆದರೆ ಕೊರೆತ ತಡೆಯಲೆಂದು ತೀರದುದ್ದಕ್ಕೂ ಕಲ್ಲು ಸುರಿದಲ್ಲಿ ಆಮೆಗೆ ಮರಳಿಲ್ಲ, ದೋಣಿ ಎಳೆಯಲು ಜಾಗವಿಲ್ಲ, ಮಕ್ಕಳಿಗೂ ನಾಯಿಗಳಿಗೂ ಆಡಲು ನೆಲವಿಲ್ಲ. ತೀರಕ್ಕೇ ಅಂಟಿಕೊಂಡು ಕಟ್ಟಿದಷ್ಟೂ ಅದನ್ನು ಉಳಿಸಲು ಕಲ್ಲು ಸುರಿಯಬೇಕಾಗುತ್ತದೆ. ಹಿಂದೆ ಸರಿದು ಕಟ್ಟಿದರೆ ಮರಳು ತನ್ನ ಪಾಡಿಗೆ ಬಂದು ಹೋಗುತ್ತದೆ.

ಪ್ರತಿವರ್ಷ ಸೀಸನ್ ಶುರುವಾಗುವ ಮೊದಲು, ಸೆಪ್ಟೆಂಬರಿನಲ್ಲಿ, ಆಯಾ ಊರಿನ ಹೋಂಸ್ಟೇಯವರು, ಮೀನುಗಾರರ ಸಂಘ, ಗ್ರಾಮ ಪಂಚಾಯಿತಿ ಮತ್ತು ಅರಣ್ಯ ಇಲಾಖೆಯವರು ಒಂದು ದಿನ ಕೂತು ಮಾತಾಡಿದರೆ ಸಾಕು. ಯಾವ ದೀಪ ಎಷ್ಟು ಹೊತ್ತಿಗೆ ಆರಬೇಕು, ಬೀದಿನಾಯಿಗಳ ಊಟ ಎಲ್ಲಿ, ಸಂತಾನಹರಣ ಶಿಬಿರ ಯಾವಾಗ, ಬಲೆ ಎಳೆಯುವ ಜಾಗದಿಂದ ಪ್ರವಾಸಿಗರು ಎಷ್ಟು ದೂರ ನಿಲ್ಲಬೇಕು, ಸೆಳೆತವಿರುವ ಕಡೆ ಕೆಂಪು ಬಾವುಟ ನೆಡುವವರು ಯಾರು, ಸಾಕುನಾಯಿಗೆ ಯಾವ ಹೊತ್ತು, ಎಲ್ಲಿಂದ ಎಲ್ಲಿಯವರೆಗೆ ಬಿಡುವು. ಇದಕ್ಕೆ ದೊಡ್ಡ ಅನುದಾನ ಬೇಡ, ಹೊಸ ಕಾನೂನೂ ಬೇಡ. ತೀರಕ್ಕೆ ಬರುವ ಪ್ರತಿಯೊಬ್ಬರಿಗೂ ತಮ್ಮ ಪಾಲಿನ ಹೊತ್ತು ಮತ್ತು ಜಾಗ ಗೊತ್ತಾದರೆ ಕಡಲ ಬದಿಯ ರಜೆ ಎಲ್ಲರಿಗೂ ರಜೆಯಾಗುತ್ತದೆ. ನಮ್ಮ ಊರಿನಲ್ಲಿ ಆ ಮಾತುಕತೆಗೆ ಜಾಗ ಬೇಕಿದ್ದರೆ ನಮ್ಮ ಚಾವಡಿ ಇದೆ. ಚಹಾ, ಅವಲಕ್ಕಿ ನಮ್ಮ ಕಡೆಯಿಂದ.